ಲಿತುಕ್ ಕೂಗಿಸಿದ ಹಕ್ಕಿ

ಲಿತುಕ್ ಹುಳ ಎರಚುವವಳಲ್ಲ. ಹ್ವಾಲಿಯೆನ್ ಬೆಟ್ಟಗಳಿಗೆ ಹಕ್ಕಿಯ ಫೋಟೊ ತೆಗೆಯಲು ಬರುವವರಿಗೆಲ್ಲ ಈ ಮಾತು ಗೊತ್ತಿತ್ತು. ಗೊತ್ತಿಲ್ಲದವರಿಗೆ ವ್ಯಾನು ಹತ್ತುವ ಮೊದಲೇ ಅವಳೇ ಹೇಳಿಬಿಡುತ್ತಿದ್ದಳು. ಬೇರೆ ಗೈಡುಗಳು ರಸ್ತೆ ಪಕ್ಕದ ಕಲ್ಲುಗಳ ಸಂದಿಗೆ ಡಬ್ಬಿಯಿಂದ ಹಿಟ್ಟಿನ ಹುಳ ಉದುರಿಸುತ್ತಾರೆ. ಸಾವಿರದ ನೋಟಿನ ಮೇಲೆ ಅಚ್ಚಾಗಿರುವ ಕಾಡುಕೋಳಿ ತನ್ನ ಘನತೆಯನ್ನೆಲ್ಲ ಮರೆತು ಹಿತ್ತಲ ಕೋಳಿಯ ಹಾಗೆ ಓಡಿಬರುತ್ತದೆ. ಉದ್ದದ ಲೆನ್ಸಿಗೆ ಅಲ್ಲಿ ಎಲ್ಲರೂ ಫಿರಂಗಿ ಅನ್ನುತ್ತಾರೆ. ಸಾಲಾಗಿ ನಿಂತ ಫಿರಂಗಿಗಳು ಒಟ್ಟಿಗೆ ಪಟಪಟ ಅನ್ನುತ್ತವೆ. ಲಿತುಕ್ ಅದನ್ನು ನೋಡಿ ಮೂಗು ಮುರಿಯುತ್ತಿದ್ದಳು.

"ಅದು ಫೋಟೊ ತೆಗ್ಯೋದಲ್ಲ, ಊಟ ಬಡ್ಸೋದು. ನಮ್ಮಪ್ಪ ಉಮಿನ್ ನೋಡಿದ್ರೆ ಕಾಡು ಬಿಟ್ಟು ಹೋಟ್ಲು ಇಡಿ ಅಂತಿದ್ದ" ಎನ್ನುವಳು. ಬಂದವರು ನಗುವರು, ಅವಳ ಮೇಲೆ ಗೌರವ ಒಂದು ತೂಕ ಹೆಚ್ಚಾಗುವುದು.

ಹಾಗಾದರೆ ಇವಳು ಹಕ್ಕಿಯನ್ನು ಹೇಗೆ ಬರಿಸುತ್ತಾಳೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವಳ ಬ್ಯಾಗಿನ ಪಟ್ಟಿಗೆ ಬೆಂಕಿಪೊಟ್ಟಣದಷ್ಟು ಒಂದು ಸ್ಪೀಕರು ನೇತಾಡುತ್ತಿತ್ತು. ಫೋನಿನಲ್ಲಿ ಆ ಕಾಡಿನ ಹಕ್ಕಿಗಳ ದನಿಯೆಲ್ಲ ಇತ್ತು, ಅವಳೇ ವರ್ಷಗಟ್ಟಲೆ ಕೂತು ಹಿಡಿದದ್ದು. ಒಂದೆರಡು ಸಲ ನುಡಿಸಿದರೆ ಪೊದೆಯೊಳಗಿನ ಹಕ್ಕಿ, ನನ್ನ ಜಾಗಕ್ಕೆ ಯಾರು ಬಂದರು ಎಂದು ಸಿಟ್ಟಿನಿಂದ ಹೊರಗೆ ಬರುತ್ತದೆ. ಹೊಟ್ಟೆಯ ಆಸೆ ತೋರಿಸಿ ಕರೆಯುವುದು ತಪ್ಪು, ಜಗಳಕ್ಕೆ ಕರೆಯುವುದು ಸರಿ ಎನ್ನುವುದು ಅವಳ ಲೆಕ್ಕ. ಈ ಲೆಕ್ಕ ನನಗಂತೂ ಇವತ್ತಿನವರೆಗೂ ಅರ್ಥವಾಗಿಲ್ಲ.

ಆದರೆ ಒಂದು ಹಕ್ಕಿಯ ಕೂಗನ್ನು ಅವಳು ಯಾವತ್ತೂ ನುಡಿಸಿರಲಿಲ್ಲ. ಅದು ಸಿಸಿಲ್. ನೋಡಲು ಏನೂ ಇಲ್ಲ, ಬೂದು ತಲೆ, ಕಂದು ಮೈ, ಕಣ್ಣಿನ ಸುತ್ತ ಬಿಳಿ ಗೆರೆ. ಒಂದು ಅಂಗೈಯಲ್ಲಿ ಎರಡು ಕೂರುತ್ತವೆ. ಆದರೂ ಆ ಬೆಟ್ಟಗಳ ಮೂಲನಿವಾಸಿಗಳಾದ ತ್ರುಕು ಜನ, ಅಂದರೆ ಲಿತುಕಳ ಜನ, ಬೇಟೆಗೆ, ಹೆಣ್ಣು ಕೇಳಲು, ಮುನಿಸಿಕೊಂಡವರನ್ನು ನೋಡಲು ಹೊರಟಾಗ ಇದರ ಮಾತು ಕೇಳಿಯೇ ಮುಂದೆ ಹೋಗುವುದು. ದಾರಿಯ ಎರಡೂ ಬದಿಗೆ ಮೆಲ್ಲಗೆ ಕಿಚಪಿಚ ಅಂದರೆ ಹೋಗಬಹುದು. ಒಂದೇ ಬದಿಯಿಂದ ಗಾಬರಿಯಲ್ಲಿ ಕಿರುಚಿಕೊಂಡರೆ ಹೊತ್ತ ಗಂಟನ್ನು ಹಾಗೇ ಹೊತ್ತು ಮನೆಗೆ ತಿರುಗಬೇಕು. ಊರಿನವರೆಲ್ಲ ಭಾನುವಾರ ಚರ್ಚಿಗೆ ಹೋಗುತ್ತಾರೆ, ಅದು ಬೇರೆ. ಪಾದ್ರಿಯೂ ಬೆಟ್ಟ ಹತ್ತುವಾಗ ಕಿವಿ ನಿಮಿರಿಸಿಕೊಂಡೇ ಹತ್ತುವುದನ್ನು ನಾನು ನೋಡಿದ್ದೇನೆ.

"ಅದನ್ನ ನಾವು ಕರೀಬಾರ್ದು ಮಗಳೇ, ಅದು ನಮ್ಮನ್ನ ಕರೀಬೇಕು" ಎಂದು ಉಮಿನ್ ಹೇಳಿಕೊಟ್ಟಿದ್ದ. ಕಾಡು ಸರ್ಕಾರದ ಪಾರ್ಕಾಗಿ ಬೇಟೆ ನಿಂತ ಮೇಲೆ ಅವನು ಭೂಕುಸಿತದ ಮಣ್ಣೆತ್ತುವ ಕೂಲಿಗೆ ಹೋದ. ಮಗಳು ಪ್ರವಾಸಿಗರ ಹೋಟೆಲಿನಲ್ಲಿ ತಟ್ಟೆ ತೊಳೆದಳು. ಲಾರಿ ಓಡಿಸುವವನನ್ನು ಕಟ್ಟಿಕೊಂಡಳು. ಅವನು ತೈಪೆಗೆ ಸಾಮಾನು ಒಯ್ದವನು ಅಲ್ಲೇ ಇನ್ನೊಂದು ಮನೆ ಮಾಡಿದ. ಅಪ್ಪ ಇರುವವರೆಗೆ ತಂದೆಮಗಳಿಬ್ಬರೂ ಕೆಲಸವಿಲ್ಲದ ದಿನ ಕಾಡಿನಲ್ಲಿ ಸುಮ್ಮನೆ ಅಲೆಯುತ್ತಿದ್ದರು. ಆ ಅಲೆದಾಟವೇ ಮುಂದೆ ಅನ್ನವಾಯಿತು. ಐವತ್ತು ದಾಟುವ ಹೊತ್ತಿಗೆ ಅವಳಿಗೆ ಸ್ವಂತದ ಬಿಳಿ ವ್ಯಾನಿತ್ತು, ಎದೆಯ ಮೇಲೆ ಗೈಡಿನ ಬಿಲ್ಲೆಯಿತ್ತು, ಸಾಕಷ್ಟು ಜಂಬವೂ ಇತ್ತು.

ಅವಳ ಜಂಬಕ್ಕೆ ನೀರೆರೆಯುತ್ತಿದ್ದವನು ಚಿಕ್ಕಪ್ಪ ಪಿಸಾವ್. ಉಮಿನ್‌ನ ತಮ್ಮ, ಎಂಬತ್ತರ ಹತ್ತಿರದ ಮುದುಕ, ಒಬ್ಬನೇ ಇರುವವನು. ಸಿಕ್ಕಸಿಕ್ಕವರ ಹತ್ತಿರ "ನಮ್ಮ ಲಿತುಕ್ ಹುಳ ಎರಚಲ್ಲ, ಗೊತ್ತಾ? ನಮ್ಮಣ್ಣನ ರಕ್ತ ಅದು" ಎನ್ನುತ್ತಿದ್ದ. ಅವನಿಗೊಬ್ಬಳು ತಂಗಿ ಇದ್ದಳು, ಕುಮು. ಬೆಟ್ಟದ ಏಣು ದಾಟಿದರೆ ಆಚೆ ಊರಿನಲ್ಲಿ ಮಗಳು ಸಯುಂಗ್ ಜೊತೆ ಇದ್ದಳು. ಅಣ್ಣತಂಗಿ ಮಾತು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು.

ಬಿಟ್ಟದ್ದು ಒಂದು ಪಾಲು ಹಂದಿಮಾಂಸಕ್ಕೆ. ಸಯುಂಗಳ ಮದುವೆಯಲ್ಲಿ ಹಂದಿ ಕಡಿದು ರಕ್ತಸಂಬಂಧಿಗಳ ಮನೆಮನೆಗೆ ಪಾಲು ಹೋಯಿತು. ಹಂಚುವ ಗಲಾಟೆಯಲ್ಲಿ ಸೋದರಮಾವನ ಮನೆಯನ್ನೇ ಮರೆತರು. ತ್ರುಕು ಜನರಲ್ಲಿ ಪಾಲು ತಪ್ಪಿಸುವುದೆಂದರೆ ನೀನು ನಮ್ಮವನಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಪಿಸಾವ್ ಮದುವೆಯ ಅಂಗಳದಿಂದ ಖಾಲಿ ಕೈಯಲ್ಲಿ ಎದ್ದುಹೋದ. ಮರೆತದ್ದಕ್ಕೆ ಕುಮುವಿಗೆ ನಾಚಿಕೆ, ಆ ನಾಚಿಕೆ ಹೇಳಿಕೊಳ್ಳಲಾರದ ಬಿಗುಮಾನ. ಕ್ಷಮೆ ಕೇಳಲು ಅವಳು ಬರಲಿಲ್ಲ, ಇವನು ಹೋಗಲಿಲ್ಲ.

ಈಗ ಕುಮುವಿನ ಕಿಡ್ನಿ ಕೈಕೊಟ್ಟಿತ್ತು. ರಕ್ತ ತೊಳೆಸುವುದು ಇನ್ನು ಸಾಕು ಎಂದು ಅವಳೇ ಹೇಳಿ ಆಸ್ಪತ್ರೆಯಿಂದ ಮನೆಗೆ ಬಂದುಬಿಟ್ಟಿದ್ದಳು. ಲಿತುಕ್ ನೋಡಲು ಹೋದಾಗ ಕೈ ಹಿಡಿದುಕೊಂಡು, "ನಿನ್ ಚಿಕ್ಕಪ್ಪಂಗೆ ಬರಕ್ ಹೇಳು. ಅವನ ಪಾಲು ನನ್ ತಲೆ ಮೇಲೆ ಕೂತಿದೆ, ಇಳಿಸ್ಕೊಂಡು ಹೋಗ್ಲಿ" ಎಂದಳು.

ಲಿತುಕ್ ಚಿಕ್ಕಪ್ಪನ ಬೆನ್ನು ಬಿಡಲಿಲ್ಲ. ಬೈದಳು, ಅತ್ತಳು, ಶುಂಠಿ ಕಷಾಯ ಮಾಡಿಕೊಟ್ಟು ಮತ್ತೆ ಬೈದಳು. ಕೊನೆಗೆ ಮುದುಕ ಒಪ್ಪಿದ.

"ಭಾನ್ವಾರ ಚರ್ಚ್ ಮುಗಿಸ್ಕೊಂಡು ಹೋಗ್ತೀನಿ."

"ವ್ಯಾನಲ್ಲಿ ಬಿಡ್ತೀನಿ ಚಿಕ್ಕಪ್ಪ. ರಸ್ತೇಲಿ ಸುತ್ತಾಕೊಂಡು ಹೋದ್ರೂ ಬೇಗ ಆಗುತ್ತೆ."

"ವ್ಯಾನಲ್ಲಿ ಕೂತ್ರೆ ಹಕ್ಕಿ ಕೇಳ್ಸುತ್ತಾ? ರಾಜಿಗೆ ಹೋಗೋನು ನಡ್ಕೊಂಡೇ ಹೋಗ್ಬೇಕು. ಹಳೇ ಕಾಲ್ದಾರಿ ಇದೆ, ನನ್ ಕಾಲೂ ಇದೆ."

ಇಷ್ಟಾದ ವಾರವೇ ತೈಪೆಯ ಹಲ್ಲಿನ ಡಾಕ್ಟರು ಚುವಾಂಗ್ ತನ್ನ ಗೆಳೆಯರನ್ನು ಕಟ್ಟಿಕೊಂಡು ಬಂದ. ಕೆಲಸದಿಂದ ನಿವೃತ್ತನಾದ, ಒಳ್ಳೆಯ ಮಾತಿನ ಮನುಷ್ಯ. ಊಟದ ಹೊತ್ತಿಗೆ ಲಿತುಕ್ ಅವರಿಗೆ ಸಿಸಿಲ್ ಕಥೆ ಹೇಳಿದಳು. ದೊಡ್ಡ ಬಂಡೆಯೊಂದನ್ನು ಯಾರು ಎತ್ತುತ್ತಾರೆ ಎಂದು ಹಕ್ಕಿಗಳಿಗೆ ಪಂದ್ಯವಾದಾಗ ಹದ್ದು ಸೋತು, ಕಾಗೆ ಸೋತು, ಈ ಪುಟ್ಟ ಹಕ್ಕಿಗಳ ಹಿಂಡು ಒಟ್ಟುಗೂಡಿ ಎತ್ತಿತಂತೆ. ಅವತ್ತಿನಿಂದ ಇದರ ಮಾತೇ ಮಾತು. ಅವಳು ಕಥೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳಬೇಕು, ಹಾಗೆ ಹೇಳುತ್ತಾಳೆ. ಕೇಳಿದವರಿಗೆ ಕಾಡುಕೋಳಿ ಬೇಡವಾಯಿತು, ಸಿಸಿಲ್ ಬೇಕಾಯಿತು.

ಶನಿವಾರ ಬೆಳಿಗ್ಗೆ ಹಳೆಯ ಕಾಲುದಾರಿಯ ಕೆಳಗಿನ ಇಳಿಜಾರಿನಲ್ಲಿ, ಬಿದ್ದ ದೇವದಾರು ಮರದ ಹತ್ತಿರ ಅವರನ್ನು ನಿಲ್ಲಿಸಿದಳು. ಸಿಸಿಲ್ ಹಿಂಡು ಬಂತು, ಕೊಂಬೆಯಿಂದ ಕೊಂಬೆಗೆ ಹಾರಿ ಹೋಯಿತು, ಒಂದು ಫಿರಂಗಿಗೂ ಸಿಗಲಿಲ್ಲ. ಇನ್ನೊಮ್ಮೆಯೂ ಹಾಗೇ ಆಯಿತು. ಡಾಕ್ಟರು ಕಾಡುವವನಲ್ಲ. "ಪರ್ವಾಗಿಲ್ಲ ಬಿಡಿ ಲಿತುಕ್, ನಮ್ ಅದೃಷ್ಟ ಇಷ್ಟೇ" ಎಂದು ಮುಗುಳ್ನಕ್ಕ. ಹಿಂದಿದ್ದ ಹೆಂಗಸೊಬ್ಬಳು ಮಾತ್ರ ಪಕ್ಕದವಳಿಗೆ ಮೆಲ್ಲಗೆ, "ಹುಳ ಎರಚೋ ಗೈಡ್ ಜೊತೆ ಹೋಗಿದ್ರೆ ಏನಾದ್ರೂ ಸಿಕ್ತಿತ್ತು" ಎಂದಳು.

ಲಿತುಕಳ ಕಿವಿ ಬಿಸಿಯಾಯಿತು. ಫೋನು ತೆಗೆದಳು. ಅದರಲ್ಲಿ ಸಿಸಿಲ್‌ನ ಎರಡು ದನಿ ಇತ್ತು. ಒಂದು, ಮೇಯುವಾಗಿನ ಕಿಚಪಿಚ. ಇನ್ನೊಂದು, ಗೂಡಿಗೆ ಹಾವು ಬಂದಾಗಿನ ಕೂಗು. ಕಿಚಪಿಚಕ್ಕೆ ಹಕ್ಕಿ ಬಂದರೂ ಬಂತು, ಬಾರದಿದ್ದರೂ ಇಲ್ಲ. ಹಾವಿನ ಕೂಗಿಗೆ ಸುತ್ತಲಿದ್ದವೆಲ್ಲ ಓಡಿಬಂದು ಬಯಲಲ್ಲಿ ಕೂತು ಕುತ್ತಿಗೆ ಚಾಚುತ್ತವೆ. ಅವಳು ಎರಡನೆಯದನ್ನು ಒತ್ತಿದಳು. ಯಾವುದನ್ನು ಒತ್ತುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿದ್ದೇ ಒತ್ತಿದಳು. ಹಿಂಡು ಬಂತು, ಒಂದು ಹಕ್ಕಿ ಮರದ ಪಾಚಿಯ ಮೇಲೆ ಕೂತು ಕೊಕ್ಕು ತೆರೆಯಿತು. ಫಿರಂಗಿಗಳೆಲ್ಲ ತೃಪ್ತಿಯಾಗುವಷ್ಟು ಹೊತ್ತು ಅವಳು ಬೆರಳು ತೆಗೆಯಲಿಲ್ಲ.

ಸಂಜೆ ಅವರು ಕೊಟ್ಟುಹೋದ ಅನಾನಸ್ ಬಿಸ್ಕತ್ತಿನ ಡಬ್ಬಿ ಹಿಡಿದು ಚಿಕ್ಕಪ್ಪನ ಮನೆಗೆ ಹೋದಳು. ಮುದುಕ ಅಂಗಳದಲ್ಲಿ ಕೂತಿದ್ದ. ಪಕ್ಕದ ಮಣೆಯ ಮೇಲೆ ನವಣೆ ಹೆಂಡದ ಬಾಟಲಿ, ಬಿದಿರ ಕೊಳವೆಯಲ್ಲಿ ಬೇಯಿಸಿದ ಅನ್ನ, ಎಲ್ಲ ಬಟ್ಟೆಯಲ್ಲಿ ಕಟ್ಟಿದ ಹಾಗೇ ಇತ್ತು.

"ಹೋಗ್ಬಿಟ್ಟು ಬಂದೆ ಕಣೇ" ಎಂದ. "ನಾಳೆ ಅಂತಿದ್ದೆ, ಬೆಳಿಗ್ಗೆ ಎದ್ದಾಗ ಮನಸ್ಸು ತಡೀಲಿಲ್ಲ, ಹೊರಟೆ. ದೇವದಾರು ಬಿದ್ದಿದ್ಯಲ್ಲ, ಆ ತಿರುವಿನ ಮೇಲ್ಗಡೆ ಹೋಗ್ತಿದ್ದೆ. ಸಿಸಿಲ್ ಕಿರುಚ್ಕೊಳ್ತು. ಬಲಗಡೆಯಿಂದ ಮಾತ್ರ. ನಿಂತೆ, ನಿಲ್ಲುತ್ತೇನೋ ಅಂತ ಕಾದೆ. ನಿಲ್ಲಲೇ ಇಲ್ಲ. ನನ್ ಜನ್ಮದಲ್ಲಿ ಅಷ್ಟೊಂದು ಹೊತ್ತು ಕೂಗಿದ್ದು ಕೇಳಿಲ್ಲ. ವಾಪಸ್ ಬಂದೆ."

ಲಿತುಕಳ ಕೈಯ ಡಬ್ಬಿ ಜಾರಿತು. ಬಗ್ಗಿ ಎತ್ತಿಕೊಂಡಳು. ಅದು ನಾನು ಚಿಕ್ಕಪ್ಪ, ಅದು ನನ್ನ ಫೋನು, ಏಳು, ವ್ಯಾನು ಹತ್ತು ಅನ್ನಬೇಕಿತ್ತು. ಇನ್ನೂ ಬೆಳಕಿತ್ತು, ರಸ್ತೆಯೂ ತೆರೆದಿತ್ತು. ಅಷ್ಟರಲ್ಲಿ ಮುದುಕ, "ನಿನ್ನ ಜನಕ್ಕೆ ಇವತ್ತು ಏನಾದ್ರೂ ಸಿಕ್ತಾ? ಹುಳ ಗಿಳ ಎರಚಿಲ್ಲ ತಾನೆ?" ಎಂದು ನಕ್ಕ.

"ಇಲ್ಲ ಚಿಕ್ಕಪ್ಪ" ಎಂದಳು.

ನಾಳೆ ಹೇಗಾದರೂ ಒಪ್ಪಿಸಿ ಕರೆದೊಯ್ಯುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮನೆಗೆ ಹೋದಳು. ಮರುದಿನ ಚರ್ಚಿನ ಗಂಟೆ ಹೊಡೆಯುವ ಮೊದಲೇ ಸಯುಂಗ್ ಫೋನು ಮಾಡಿದಳು. ಕುಮು ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿದ ದಿನ ಪಿಸಾವ್ ಎಲ್ಲರೆದುರು ನಿಂತು, ತಾನು ಹೊರಟಿದ್ದು, ಹಕ್ಕಿ ತಡೆದದ್ದು ಎಲ್ಲ ಹೇಳಿದ. ಯಾರೂ ಅವನನ್ನು ದೂರಲಿಲ್ಲ. ದೂರುವ ಹಾಗೂ ಇಲ್ಲ. ಹಕ್ಕಿ ಬೇಡ ಅಂದಮೇಲೆ ಮುಗಿಯಿತು. ಒಬ್ಬಳು ಅಜ್ಜಿ, "ಸಾವು ಆ ದಾರೀಲೇ ಬರ್ತಿತ್ತೇನೋ. ಎದುರಾಗ್ಬಾರ್ದು ಅಂತ ನಿನ್ನ ವಾಪಸ್ ಕಳಿಸ್ತು" ಎಂದಳು. ಸಯುಂಗ್ ಬಂದು ಮಾವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಲಿತುಕ್ ಕಡೆ ತಿರುಗಿ, "ಬರೋದು ಭಾನ್ವಾರ ಅಂದ್ರೂ ಅಮ್ಮ ಶನಿವಾರ ಪೂರ್ತಿ ಬಾಗ್ಲು ಕಡೇನೇ ನೋಡ್ತಿದ್ಲು ಅಕ್ಕ. ನೀನು ಮಾವನ್ನ ಒಪ್ಸಿದೀಯ ಅಂತ ಹೇಳಿದ್ದೆ, ಅದೇ ಸಂತೋಷ ಅವ್ಳಿಗೆ. ನಿನ್ನ ಉಪಕಾರ ಮರೆಯಲ್ಲ" ಎಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಲಿತುಕ್‌ಗೆ. ಭೂಮಿ ಅಂಥ ಉಪಕಾರ ಯಾರಿಗೂ ಮಾಡುವುದಿಲ್ಲ. ತಲೆ ತಗ್ಗಿಸಿಕೊಂಡು ಬಂದವರಿಗೆಲ್ಲ ಚಹಾ ಹಂಚಿದಳು, ಯಾರ ಮುಖವನ್ನೂ ನೋಡಲಿಲ್ಲ. ನೋಡಿದವರು ಅತ್ತೆ ಸತ್ತ ದುಃಖ ಎಂದುಕೊಂಡರು. ಹಾಗೆ ಅಂದುಕೊಂಡರಲ್ಲ ಎನ್ನುವುದೂ ಅವಳಿಗೆ ಚುಚ್ಚಿತು.

ಆಮೇಲೆ ಹಲವು ವಾರ ಅವಳು ಸ್ಪೀಕರನ್ನು ಮುಟ್ಟಲಿಲ್ಲ. ಬಂದವರು ಕೇಳಿದರೆ ಕೆಟ್ಟಿದೆ ಎಂದಳು. ಸಿಸಿಲ್ ಕಥೆಯನ್ನೂ ಬಿಟ್ಟಳು. ಚಿಕ್ಕಪ್ಪನ ಮನೆಗೆ ಸಾರು ಒಯ್ದುಕೊಟ್ಟು ಕೂರದೆ ಬರುತ್ತಿದ್ದಳು. ಅಷ್ಟರಲ್ಲಿ ಡಾಕ್ಟರು ಚುವಾಂಗ್ ಪ್ರೀತಿಯಿಂದ ಒಂದು ಉಡುಗೊರೆ ಕಳಿಸಿದ. ಬಿಚ್ಚಿದರೆ ಅದೇ ಸಿಸಿಲ್, ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ ಇಟ್ಟದ್ದು. ಅವಳು ಅದನ್ನು ಗೋಡೆಗೆ ಮುಖ ಮಾಡಿ ಅಕ್ಕಿ ಡಬ್ಬದ ಹಿಂದೆ ನಿಲ್ಲಿಸಿದಳು.

ಒಂದು ದಿನ ಪಿಸಾವ್ ತಾನೇ ಬಂದ. ಬೆಟ್ಟದ ಮೆಣಸು ಒಣಗಿಸಿ ತಂದಿದ್ದ. ಡಬ್ಬ ಹುಡುಕುತ್ತ ಚೌಕಟ್ಟನ್ನು ಎಳೆದ. ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದ.

"ಎಷ್ಟು ಹತ್ರದಿಂದ ತೆಗ್ದಿದಾರೆ. ನನ್ ಆಯಸ್ಸೆಲ್ಲ ಕೇಳಿದೀನಿ, ಇಷ್ಟು ಚೆನ್ನಾಗಿ ನೋಡಿರ್ಲಿಲ್ಲ" ಎಂದ. "ಇದನ್ನ ನಂಗೆ ಕೊಡೇ. ಕುಮು ಫೋಟೊ ಪಕ್ಕ ಹಾಕ್ತೀನಿ. ತಂಗೀನ ನೋಡ್ದಾಗೆಲ್ಲ, ನಾನ್ಯಾಕೆ ಬರ್ಲಿಲ್ಲ ಅಂತ ಇದೇ ಅವ್ಳಿಗೆ ಹೇಳ್ಲಿ."

ಲಿತುಕ್‌ಗೆ ಇನ್ನು ತಡೆಯಲಾಗಲಿಲ್ಲ. ಫೋನು ತೆಗೆದು ಮೇಜಿನ ಮೇಲಿಟ್ಟಳು, ನುಡಿಸಲಿಲ್ಲ.

"ಆ ಹಕ್ಕಿ ಇದರೊಳಗಿಂದು ಚಿಕ್ಕಪ್ಪ. ಶನಿವಾರ ಕೂಗಿದ್ದು ಇದು. ನಾನೇ ಕೂಗಿಸ್ದೆ, ನಿನ್ನ ದಾರಿ ಕೆಳಗಡೆ ನಿಂತ್ಕೊಂಡು. ನೀನು ಬರ್ತೀಯ ಅಂತ ಗೊತ್ತಿರ್ಲಿಲ್ಲ. ಆದ್ರೆ ಸಂಜೆ ಗೊತ್ತಾಯ್ತು. ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ. ಆಗ್ಲೇ ಹೇಳಿದ್ರೆ ಹೋಗ್ಬಹುದಿತ್ತು, ಅತ್ತೆ ಇನ್ನೂ ಇದ್ಲು."

ಮುದುಕ ಚೌಕಟ್ಟನ್ನು ಮೇಜಿನ ಮೇಲೆ ಮಲಗಿಸಿದ. ಬೈದಿದ್ದರೆ ಅವಳಿಗೆ ಬದುಕಲು ಒಂದು ದಾರಿಯಾಗುತ್ತಿತ್ತು. ಅವನು ತಂದಿದ್ದ ಮೆಣಸನ್ನು ಡಬ್ಬಕ್ಕೆ ಸುರಿದು, ಮುಚ್ಚಳ ತಿರುಗಿಸಿ, ಬಾಗಿಲವರೆಗೆ ಹೋಗಿ ನಿಂತ.

"ಹಂದಿ ತರ್ಸು" ಎಂದ. ಅಷ್ಟೇ.

ಅದರ ಅರ್ಥ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಪ್ಪು ಮಾಡಿದವರು ಹಂದಿ ಕಡಿದು, ಪಾಲನ್ನು ತಾವೇ ಹೊತ್ತು ಮನೆಮನೆಗೆ ಕೊಟ್ಟು, ಯಾಕೆ ಕೊಡುತ್ತಿದ್ದೇನೆ ಎಂದು ಪ್ರತಿ ಹೊಸ್ತಿಲಲ್ಲೂ ಬಾಯಿಬಿಟ್ಟು ಹೇಳಬೇಕು. ಮಾಂಸ ತಿಂದವರೆಲ್ಲರಿಗೂ ತಪ್ಪಿನ ಪಾಲು ತಲುಪಿ, ಹಿರಿಯರ ಆತ್ಮಗಳ ಸಿಟ್ಟು ಊರಿನ ಮೇಲೆ ಬೀಳದಿರಲಿ ಎಂದು ಹಿಂದಿನವರು ಮಾಡಿದ ಕಟ್ಟಳೆ. ಚರ್ಚಿನಲ್ಲಿ ಪಾದ್ರಿಯ ಕಿವಿಯಲ್ಲಿ ಹೇಳಿಕೊಳ್ಳುವಷ್ಟು ಸುಲಭದ್ದಲ್ಲ.

ಹಂದಿ ಬಂತು. ಬಿದ್ದ ದೇವದಾರಿನ ಹತ್ತಿರ ಹಿರಿಯರ ಆತ್ಮಗಳಿಗೆಂದು ಹೆಂಡ ಚೆಲ್ಲಿ ಬಂದಮೇಲೆ ಲಿತುಕ್ ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಹೊರಟಳು. ಮೊದಲ ಮನೆಯಲ್ಲಿ ಪಿಸುದನಿಯಲ್ಲೇ ಹೇಳಿದಳು. "ಏನೇ ಅದು, ಗಟ್ಟಿಯಾಗಿ ಹೇಳು. ಹಕ್ಕಿ ಕೂಗ್ಸೋವಾಗ ಇಷ್ಟು ಮೆಲ್ಲಗೆ ಕೂಗಿಸ್ದ್ಯಾ?" ಎಂದು ಒಳಗಿನಿಂದ ಕೇಳಿದರು. ಎರಡನೆಯ ಮನೆಯವನು ಕೇಳಿ ನಕ್ಕುಬಿಟ್ಟ: "ಮುಂದಿನ ತಿಂಗಳು ನಮ್ಮತ್ತೆ ಬರ್ತಾಳೆ, ಆ ತಿರುವಲ್ಲಿ ನಿಂತು ಒಂದ್ಸಲ ನುಡ್ಸಮ್ಮ." ಇನ್ನೊಂದು ಮನೆಯಲ್ಲಿ ಅಜ್ಜಿ, ಮಣ್ಣು ಮಾಡಿದ ದಿನ ಸಾವಿನ ಮಾತಾಡಿದ್ದವಳು, ಮಾಂಸ ತೆಗೆದುಕೊಂಡಳು. "ನನ್ ಬಾಯಲ್ಲಿ ಸುಳ್ಳು ಆಡಿಸ್ದೆ ನೀನು" ಎಂದು ಬಾಗಿಲು ಹಾಕಿಕೊಂಡಳು. ನಕ್ಕವನಿಗಿಂತ ಅದೇ ಹೆಚ್ಚು ತಾಗಿತು. ಹುಳ ಎರಚುವ ಗೈಡೊಬ್ಬನ ಮನೆಯೂ ಆ ಸಾಲಿನಲ್ಲಿತ್ತು. ಅವನು ಏನೂ ಅನ್ನದೆ ತಗ್ಗಿದ ಕಣ್ಣಿನಿಂದ ಪಾಲು ಇಸಕೊಂಡ, ಪಾಪ. ಅವನ ಆ ಮರ್ಯಾದೆಯನ್ನು ಅವಳು ಸಾಯುವವರೆಗೂ ಮರೆಯಲಾರಳು.

ಕೊನೆಯ ಪಾಲು ಏಣಿನ ಆಚೆಯದು, ಸಯುಂಗಳದ್ದು. ಲಿತುಕ್ ಕಾಲುದಾರಿ ಹಿಡಿದಾಗ ಪಿಸಾವ್ ಕೋಲೂರಿಕೊಂಡು ಹಿಂದೆ ಬಂದ. ನೀನು ಯಾಕೆ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ. ದೇವದಾರಿನ ತಿರುವು ದಾಟುವಾಗ ಸಿಸಿಲ್ ಹಿಂಡೊಂದು ಬಂತು. ಎಡಕ್ಕೂ ಬಲಕ್ಕೂ ಕಿಚಪಿಚ ಅನ್ನುತ್ತ ಹಾದುಹೋಯಿತು. ಲಿತುಕ್ ನಿಂತಳು, ಅಭ್ಯಾಸ. ಮುದುಕ ನಿಲ್ಲಲಿಲ್ಲ.

"ನಡಿ ನಡಿ" ಎಂದ. "ಯಾವ್ದು ಹಕ್ಕಿ, ಯಾವ್ದು ಫೋನು ಅಂತ ಇನ್ಮೇಲೆ ನಂಗೆ ಗೊತ್ತಾಗಲ್ಲ."

ಅವಳು ಬುಟ್ಟಿಯ ಪಟ್ಟಿಯನ್ನು ಇನ್ನೊಂದಿಷ್ಟು ಬಿಗಿ ಮಾಡಿಕೊಂಡು ಅವನ ಹಿಂದೆ ನಡೆದಳು. ದಾರಿಯುದ್ದಕ್ಕೂ ಅಳು ಬಂತು. ಅಳುವ ಹಕ್ಕೂ ತನಗಿಲ್ಲ ಅನ್ನಿಸಿ ನುಂಗಿಕೊಂಡಳು.

ಸಯುಂಗ್ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಬಾಗಿಲಿನ ಎದುರು, ಕುಮು ಕೂತು ದಾರಿ ನೋಡಿದ ಬೆತ್ತದ ಕುರ್ಚಿ ಇನ್ನೂ ಹಾಗೇ ಇತ್ತು. ಲಿತುಕ್ ಬುಟ್ಟಿ ಇಳಿಸಿ, ನಿಂತಲ್ಲೇ, ಒಂದನ್ನೂ ಬಿಡದೆ ಹೇಳಿದಳು. ಶನಿವಾರದ ಬೆಳಿಗ್ಗೆ ಹೇಳಿದಳು, ಸಂಜೆಯನ್ನೂ ಹೇಳಿದಳು. ಸಯುಂಗಳ ಕೈಯಲ್ಲಿದ್ದ ಒದ್ದೆ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಆಗ ಪಿಸಾವ್ ಗಂಟಲು ಸರಿಮಾಡಿಕೊಂಡ. "ಕೂಗ್ಸಿದ್ದು ಇವಳು, ನಿಜ. ಆದ್ರೆ ಅದು ಕೂಗ್ದಾಗ ನಂಗೆ ಒಳಗೊಳಗೇ ಹಗುರಾಯ್ತು ಕಣೇ ಸಯುಂಗ್. ಸದ್ಯ, ಹೋಗೋದು ತಪ್ತು ಅಂತ. ಅದನ್ನ ನಾನು ಯಾರಿಗೂ ಹೇಳಿರ್ಲಿಲ್ಲ. ಕೂಗು ಇವಳ್ದು, ವಾಪಸ್ ತಿರುಗಿದ ಕಾಲು ನಂದು" ಎಂದ. ಎಂದವನು ಹೆಗಲ ಚೀಲದಿಂದ ಇನ್ನೊಂದು ಎಲೆಯ ಪೊಟ್ಟಣ ತೆಗೆದು ಅವಳ ಪಾಲಿನ ಪಕ್ಕದಲ್ಲಿಟ್ಟ. ಅದು ಲಿತುಕಳ ಹಂದಿಯಲ್ಲಿ ಅವನ ಮನೆಗೆ ಬಂದಿದ್ದ ಪಾಲು. "ಇದೂ ನಿಂಗೇ. ನನ್ ಪಾಲು ಅಂತ ಇಪ್ಪತ್ತು ವರ್ಷ ಹಟ ಹಿಡಿದ್ನಲ್ಲ, ತಗೋ."

ಸಯುಂಗ್ ಎರಡು ಪೊಟ್ಟಣವನ್ನೂ ನೋಡಿದಳು. ಅಂಗಿಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದಳು. ತಾಯಿಯ ಕುರ್ಚಿಯನ್ನು ಎಳೆದು ತಂದು ಮುದುಕನ ಹಿಂದಿಟ್ಟಳು, ಅವನು ಕೂತ. ಆಮೇಲೆ ಅವಳು ಲಿತುಕ್ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು.

"ಆ ಫೋಟೊ ಚೆನ್ನಾಗಿ ಬಂತಾ?"

ಈ ಸಲ ಅಕ್ಕ ಅನ್ನಲಿಲ್ಲ. ಲಿತುಕ್ ನೆಲ ನೋಡಿದಳು.

"ಬಂತು" ಎಂದಳು. "ತುಂಬಾ ಚೆನ್ನಾಗಿ ಬಂತು."